ಪೆಸಿಫಿಕ್ ಕಾದ ವರ್ಷ

ಅಕ್ಟೋಬರ್ ೧೯೮೭

ಅಕ್ಕಾ,

ಹೋದ ವರ್ಷ ಕ್ಯಾಸಂಬಳ್ಳಿ ರಸ್ತೆಯ ತೋಪಿನಲ್ಲಿ ಹೂತಿದ್ದ ನಿನ್ನನ್ನು ನಿನ್ನೆ ಅಗೆದು ತೆಗೆದು ಸುಟ್ಟರು. ತೊನ್ನಿದ್ದವರನ್ನು ಹೂತರೆ ಮಳೆ ನಿಲ್ಲುತ್ತದೆ ಎಂಬ ಊರಿನ ನಂಬಿಕೆ ನಿನಗೂ ಗೊತ್ತಿತ್ತು.

ಭೂಗೋಳ ಕಲಿಸುವವನು ನಾನು, ಹೇಳಿ ನೋಡಿದೆ. ದೂರದ ಪೆಸಿಫಿಕ್ ಸಾಗರ ಈ ವರ್ಷ ವಿಪರೀತ ಕಾದಿದೆ, ಅದರ ಮೇಲಿನ ಗಾಳಿ ದಿಕ್ಕುಗೆಟ್ಟಿದೆ, ನಮ್ಮ ಮುಂಗಾರು ಸೊರಗಿದ್ದು ಅದರಿಂದ ಎಂದೆ. ಊರಿನವರನ್ನು ಕರೆದುಕೊಂಡು ಬಂದಿದ್ದ ಸೀನಪ್ಪ ತಾಳ್ಮೆಯಿಂದ ಕೇಳಿಸಿಕೊಂಡ.

"ಆ ಸಮುದ್ರಾನ ತಣ್ಣಗೆ ಮಾಡಕ್ಕಾಗ್ತದಾ ಮೇಷ್ಟ್ರೇ?"

"ಇಲ್ಲ."

"ಮತ್ತೆ? ಇದಾದ್ರೆ ನಮ್ ಕೈಯಾಗೈತೆ. ಮೊದಲ್ನೇ ಗುದ್ಲಿ ನೀವೇ ಆಕ್ಬೇಕು, ಒಡವುಟ್ಟಿದೋರು."

ಹಾಕಿದೆ. ಸೀಮೆಎಣ್ಣೆ ಸಾಲದಾದಾಗ ಚಿಕ್ಕವೆಂಕಟಮ್ಮ ತನ್ನ ಮನೆಯಿಂದ ಡಬ್ಬಿ ತಂದಳು.

"ಬದುಕಿದ್ದಾಗ ಬಾವಿ ತಾವ ಬಿಡ್ತಿರ್ಲಿಲ್ಲ, ಈಗ ಇವ್ಳಿಂದ್ಲೇ ನೀರು ಬರ್ಬೇಕಂತೆ ನೋಡ್ಲಾ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಇವತ್ತು ಮಧ್ಯಾಹ್ನ ಮಳೆ ಬಂತು. ಈ ತಿಂಗಳಲ್ಲಿ ಪೂರ್ವದ ಸಮುದ್ರದಿಂದ ನಮ್ಮ ಕಡೆ ಬರುವ ಮಾಮೂಲಿ ಹಿಂಗಾರು ಅದು. ಅದನ್ನು ನಾನು ಯಾರಿಗೂ ವಿವರಿಸಲಿಲ್ಲ. ಬೀದಿಯುದ್ದಕ್ಕೂ ಹೆಂಗಸರು ಸೂರಿನ ಕೆಳಗೆ ಬಿಂದಿಗೆ ಇಡುತ್ತಿದ್ದರು. ನಾನೂ ನಮ್ಮದನ್ನು ತಂದು ಇಟ್ಟೆ.