ಹತ್ತಬಾರದ ಗೋಪುರ

ಪೀಸಾ, ಬುಧವಾರ

ಚಿಕ್ಕಮ್ಮಾ,

ವಾಲಿದ ಗೋಪುರದ ತುದಿಯಲ್ಲಿ ನಿಂತ ಫೋಟೊ ಕಳಿಸು ಎಂದು ನಾನಿಲ್ಲಿಗೆ ಬಂದಾಗಿನಿಂದ ಪ್ರಾಣ ತಿನ್ನುತ್ತಿದ್ದೀಯಲ್ಲ, ಸದ್ಯಕ್ಕೆ ಈ ಕಾರ್ಡಿನ ಚಿತ್ರವನ್ನೇ ನೋಡಿಕೋ. ಡಿಗ್ರಿ ಕೈಗೆ ಬರುವ ಮುಂಚೆ ಗೋಪುರ ಹತ್ತಿದವರು ಜನ್ಮದಲ್ಲಿ ಪಾಸಾಗುವುದಿಲ್ಲವೆಂದು ಇಲ್ಲಿನ ವಿದ್ಯಾರ್ಥಿಗಳೆಲ್ಲ ನಂಬುತ್ತಾರೆ. ನನಗೋ ಕೊನೆಯ ಪರೀಕ್ಷೆ ತಲೆಯ ಮೇಲೆ ಕೂತಿದೆ.

ಆದರೂ ನಿನ್ನ ಕಾಟ ತಾಳಲಾರದೆ ನಿನ್ನೆ ಟಿಕೆಟ್ ಸಾಲಿನಲ್ಲಿ ನಿಂತೇಬಿಟ್ಟೆ. ಎಲ್ಲಿದ್ದರೋ ನಮ್ಮ ಮನೆಯೊಡತಿ ಒರ್ನೆಲ್ಲಾ ಅಜ್ಜಿ, ತರಕಾರಿ ಚೀಲದ ಸಮೇತ ಓಡಿಬಂದು ನನ್ನ ಜಡೆ ಹಿಡಿದೆಳೆದರು.

"ಪರೀಕ್ಷೆ ಇಟ್ಕೊಂಡು ಇಲ್ಲೇನೇ ನಿಂಗೆ ಕೆಲ್ಸ? ಹುಚ್ಚು ಹಿಡೀತಾ?"

"ಚಿಕ್ಕಮ್ಮಂಗೆ ಒಂದೇ ಒಂದು ಫೋಟೊ ಅಜ್ಜಿ..."

"ಫೇಲಾದ್ರೆ ನಿಮ್ ಚಿಕ್ಕಮ್ಮ ಬಂದು ಬರೀತಾರಾ?"

ಸಾಲಿಗೆ ಸಾಲೇ ನಕ್ಕಿತು. ಮನೆಯ ದಾರಿಯಲ್ಲಿ ನಾನೂ ಬಿಡಲಿಲ್ಲ. "ನೀವು ಇಲ್ಲೇ ಹುಟ್ಟಿ ಬೆಳೆದೋರು. ಮೇಲಿಂದ ಊರು ಹೆಂಗೆ ಕಾಣುತ್ತೆ ಹೇಳಿ, ಅದನ್ನೇ ಬರೆದು ಕಳಿಸ್ತೀನಿ" ಎಂದೆ.

ಎಂಬತ್ತರ ಹತ್ತಿರದ ಅಜ್ಜಿ ಮುಖ ಆ ಕಡೆ ತಿರುಗಿಸಿದರು. "ನಂಗೇನು ಗೊತ್ತು? ನಾನೆಲ್ಲಿ ಹತ್ತಿದೀನಿ?"

"ಅಯ್ಯೋ, ಯಾಕಜ್ಜಿ?"

"ನಂದಿನ್ನೂ ಒಂದು ಪೇಪರ್ ಬಾಕಿ ಇದೆ ಕಣೇ. ಲ್ಯಾಟಿನ್. ಇಷ್ಟು ವರ್ಷ ಕಾದು ಈಗ ಕೆಡಿಸಿಕೊಳ್ಳಲಾ?"

ನನ್ನ ಕೆಮ್ಮು ಪೂರ್ತಿ ಹೋಯಿತು, ಕಷಾಯದ ಪುಡಿ ಕಳಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಗಣಪತಿ ಗುಡಿಯಲ್ಲಿ ನನ್ನ ಹೆಸರಿಗೆ ಅರ್ಚನೆ ಮಾಡಿಸುವಾಗ ಅಜ್ಜಿಯ ಹೆಸರನ್ನೂ ಸೇರಿಸು. ಭಟ್ಟರು ನಕ್ಷತ್ರ ಕೇಳಿದರೆ ನನ್ನದನ್ನೇ ಹೇಳಿಬಿಡು.

ತಾರಿಣಿ