ಪರದೆಯ ಮೇಲಿನ ಕತ್ತಿವೀರ

ಅಕ್ಕನ ದಿವ್ಯ ಸನ್ನಿಧಿಗೆ, ದೂರದೂರಿನಿಂದ ನಿನ್ನ ತಮ್ಮ ಜಯಭೇರಿ ಬಾರಿಸುತ್ತಾ ಬರೆಯುವುದೇನೆಂದರೆ, ಮಗಳ ಮನೆಯಲ್ಲಿ ನೆಂಟರಿಗಿರುವುದು ಒಂದೇ ಮಂಚ. ಬಂದ ದಿನದಿಂದ ಅದರ ಮೇಲೆ ಬೀಗರು ಪವಡಿಸಿದ್ದರು, ನಾನು ಚಾಪೆಯ ಮೇಲೆ.

ನಿನ್ನೆ ಬೆಳಿಗ್ಗೆ ಕಿಟಕಿಯ ಪರದೆಯ ಮೇಲೆ ಹಸಿರೆಲೆಯೊಂದು ನಡೆಯಿತು. ಮೈಗಿಂತ ಉದ್ದದ ಮೀಸೆ, ಬಾಲದಲ್ಲಿ ಬಾಗಿದ ಕತ್ತಿ. ಮೀಸೆ ಅಷ್ಟುದ್ದ ಇದ್ದರೆ ಅದು ಮಾಮೂಲಿ ಮಿಡತೆಯಲ್ಲ, ಎಲೆಮಿಡತೆ ಎಂದು ಘೋಷಿಸಿದೆ.

“ಮೀಸೆ ಇದೆ, ಕತ್ತಿ ಇದೆ. ಗಂಡು,” ಎಂದರು ಬೀಗರು.

“ಕತ್ತಿ ಇರೋದಕ್ಕೇ ಹೆಣ್ಣು ಬೀಗರೇ. ಅದು ಮೊಟ್ಟೆ ಇಡೋಕೆ. ಚುಚ್ಚಲ್ಲ, ಹೆದರಬೇಡಿ.”

“ನಾಟಕದಲ್ಲಿ ಸೀರೆ ಉಟ್ಕೊಂಡು ಪಾರ್ಟು ಮಾಡಿದೋರು ನೀವು. ನಿಮಗೆ ಗಂಡೂ ಒಂದೇ, ಹೆಣ್ಣೂ ಒಂದೇ.”

ನನ್ನ ಕಂಠ ಏರಿತು. “ಮೆಲ್ಲಗೆ ಅಪ್ಪಾ, ಕೆಳಗಿನ ಮನೆಯೋರು ಬರ್ತಾರೆ,” ಎಂದಳು ಮಗಳು. ಮಂಚವನ್ನೇ ಪಣಕ್ಕಿಟ್ಟು, ಹುಳವನ್ನು ಕುಂಡದ ಗಿಡಕ್ಕೆ ಬಿಟ್ಟೆವು.

ಇವತ್ತು ಕಾಫಿಯ ಹೊತ್ತಿಗೆ ಆ ಕತ್ತಿವೀರ ಕಡ್ಡಿಯ ಮೇಲೆ ಕೂತು, ಚಪ್ಪಟೆ ಮೊಟ್ಟೆಗಳನ್ನು ಹೆಂಚು ಹೊದಿಸಿದಂತೆ ಸಾಲಾಗಿ ಅಂಟಿಸತೊಡಗಿತು. ಬೀಗರು ಕನ್ನಡಕ ಒರೆಸಿ ಒರೆಸಿ ನೋಡಿದರು.

“ಬೀಗರೇ, ನಿಮ್ಮ ಗಂಡಿಗೆ ಹೆರಿಗೆ ಆಯ್ತು,” ಎಂದೆ. ಬಾಗಿಲ ಹಿಂದೆ ಮಗಳು, ಅಳಿಯ ಬಿದ್ದು ಬಿದ್ದು ನಕ್ಕರು. ಬೀಗರು ದಿಂಬು ಎತ್ತಿಕೊಂಡು ಚಾಪೆಗೆ ಇಳಿದರು.

ಬೆನ್ನಿಗೆ ಹಚ್ಚುವ ಎಣ್ಣೆ ಕಳಿಸುತ್ತೇನೆಂದಿದ್ದೆಯಲ್ಲ, ನನಗಿನ್ನು ಬೇಡ. ಆದರೂ ಕಳಿಸು, ಬೀಗರಿಗೆ ಬೇಕಾಗುತ್ತದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಮಂಚದ ಮೇಲಿಂದ,
ನಿನ್ನ ತಮ್ಮ