ಬಿಚ್ಚಿಟ್ಟ ಜಾಕೆಟ್

ಮೇ ೫, ಸೋಮವಾರ

ಸೊಸೆಗೆ ನಿನ್ನ ಮಾವನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದವಳು ನಿನ್ನ ಮಗಳು. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನು ನಾನು. ಫೋನಿನಲ್ಲಿ ಹೇಳುತ್ತೇನೆ ಅಂದರೆ ಕೇಳುವುದಿಲ್ಲ. ಫೋನಿನಲ್ಲಿ ನೀವು ಅರ್ಧ ಹೇಳಿ ಕಟ್ ಮಾಡುತ್ತೀರಿ ತಾತ ಎನ್ನುತ್ತಾಳೆ. ಮಾತೇನೋ ನಿಜ. ಬರೆದು ಮುಗಿಸುವ ತನಕ ನನ್ನ ರೇಡಿಯೋ ಅವಳ ವಶ. ಅಕ್ಷರ ಓರೆಕೋರೆ ಇದ್ದರೆ ಅವಳನ್ನೇ ಬೈದುಕೋ.

ವರ್ಷಕ್ಕೊಮ್ಮೆ ರಜೆಗೆ ಮಗುವನ್ನು ಕಳಿಸುತ್ತೀಯ, ನೀನು ಬರುವುದಿಲ್ಲ. ಅದನ್ನು ಕೇಳಲು ಬರೆಯುತ್ತಿಲ್ಲ.

ಅವಳಿಗೆ ಸ್ಕೂಲಿನಲ್ಲಿ ಬರೆಯಲು ಕೊಟ್ಟಿದ್ದಾರಂತೆ, ಕಡು ಚಳಿಯಲ್ಲಿ ಪ್ರಾಣಿಗಳೂ ಮನುಷ್ಯರೂ ಹೇಗೆ ಜೀವ ಉಳಿಸಿಕೊಳ್ಳುತ್ತಾರೆ ಅಂತ. ಮೀನಿನ ಕೋಲ್ಡ್ ಸ್ಟೋರೇಜಿನ ಬಾಗಿಲನ್ನು ಮೂವತ್ತೊಂದು ವರ್ಷ ಕಾಯ್ದ ತಾತನೇ ಇದ್ದಾನಲ್ಲ ಎಂದು ನನ್ನನ್ನು ಹಿಡಿದುಕೊಂಡಳು. ನಾನೂ ಜಂಬದಿಂದ ಹೇಳಿದೆ. ನಮ್ಮಲ್ಲಿ ಮೈನಸ್ ಇಪ್ಪತ್ತೈದು. ಒಳಗೇ ಹುಟ್ಟಿ ಬೆಳೆದ ಇಲಿಗಳಿಗೆ ಮ್ಯಾನೇಜರನ ಹೆಂಡತಿಯ ಕೋಟಿನಷ್ಟು ಉದ್ದ ಕೂದಲು. ಗೋಣಿ ಹರಿದು ಗೂಡು ಮಾಡಿ, ಹತ್ತು ಹನ್ನೆರಡು ಒಂದರ ಮೇಲೊಂದು ಬಿದ್ದುಕೊಳ್ಳುತ್ತಿದ್ದವು. ಮನುಷ್ಯನಿಗೆ ಹಾಗೆ ಕೂದಲು ಬೆಳೆಯುವುದಿಲ್ಲವಲ್ಲ, ಅದಕ್ಕೆ ನಾವು ಇಬ್ಬಿಬ್ಬರಾಗಿ ಹೋಗಬೇಕು. ಒಬ್ಬನ ಮೂಗಿನ ತುದಿ ಬೆಳ್ಳಗಾದರೆ ಇನ್ನೊಬ್ಬ ನೋಡಿ ಎಳೆದು ತರಬೇಕು. ತನ್ನ ಮೂಗು ತನಗೆ ಕಾಣುವುದಿಲ್ಲ. ಒಳಗೆ ಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಬೇಕು, ಹೊರಗೆ ಬಂದಾಗ ತೆಗೆಯಬೇಕು. ಮೊಳೆಯಲ್ಲಿ ಬಿಲ್ಲೆ ಇರುವ ತನಕ ಬಾಗಿಲು ಹಾಕುವಂತಿಲ್ಲ. ಎಲ್ಲ ಬರೆದುಕೊಂಡಳು.

ಆಮೇಲೆ ತಾನು ಪುಸ್ತಕದಲ್ಲಿ ಹುಡುಕಿದ್ದನ್ನು ಓದಿದಳು. ಒಂದು ಜಾತಿಯ ಕಪ್ಪೆ ಚಳಿಗಾಲವಿಡೀ ಹೆಪ್ಪುಗಟ್ಟಿ ಕಲ್ಲಿನಂತೆ ಬಿದ್ದಿದ್ದು, ಬಿಸಿಲು ಬಂದಾಗ ಎದ್ದು ಕುಪ್ಪಳಿಸುತ್ತದಂತೆ. ಅದನ್ನು ಅವಳು ಎರಡು ಸಲ ಓದಿದಳು. ಮನುಷ್ಯರದ್ದು ಮುಂದಿನ ಪುಟದಲ್ಲಿತ್ತು. ಚಳಿ ಮೀರಿದರೆ ಮೈ ಮೊದಲು ಬೆರಳು, ಕಿವಿಗಳ ಆಸೆ ಬಿಡುತ್ತದೆ, ರಕ್ತವನ್ನೆಲ್ಲ ಎದೆಗೆ ಎಳೆದುಕೊಳ್ಳುತ್ತದೆ. ಕೊನೆಗೆ ಬಿಗಿ ಹಿಡಿದ ನರಗಳೂ ಸೋತು, ರಕ್ತ ಒಮ್ಮೆಲೇ ಚರ್ಮಕ್ಕೆ ನುಗ್ಗುತ್ತದೆ. ಸಾಯುತ್ತಿರುವವನು ಮೈಯೆಲ್ಲ ಉರಿದಂತಾಗಿ ಹಾಕಿದ ಬಟ್ಟೆಯನ್ನು ಬಿಚ್ಚುತ್ತಾನೆ.

ಪುಸ್ತಕ ಮುಚ್ಚು ಎಂದು ಗದರಿದೆ. ಅವಳು ಮುಚ್ಚಲಿಲ್ಲ.

"ತಾತ, ಅಪ್ಪ ಜಾಕೆಟ್ ಬಿಚ್ಚಿದ್ದು ಅದಕ್ಕೇನಾ?"

ಹೂಂ ಎಂದೆ.

"ಅಮ್ಮನಿಗೆ ಗೊತ್ತಾ?"

ಅದಕ್ಕೇ ಈ ಕಾಗದ.

ಹನ್ನೊಂದು ವರ್ಷದ ಹಿಂದೆ ಆ ಬೆಳಿಗ್ಗೆ, ಮಗುವಿನ ಕೆಮ್ಮಿನ ಔಷಧಿ ತರಲು ಎರಡು ದಿನದಿಂದ ಮರೆತನೆಂದು ನನ್ನ ಜೊತೆ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಹೊರಟಿದ್ದ ಗಂಡನ ಮೇಲೆ ನೀನು ಕೂಗಾಡಿದೆ. ಆ ಐಸಿನಲ್ಲೇ ಬಿದ್ದಿರಿ, ಮನೆಗೆ ಬರಬೇಡಿ ಎಂದೆ. ಯಾವ ಹೆಂಡತಿ ಅನ್ನುವುದಿಲ್ಲ? ನಿಮ್ಮತ್ತೆ ನನಗೆ ಇದಕ್ಕಿಂತ ಕಡೆಯಾಗಿ ಅಂದಿದ್ದಾಳೆ, ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೇನೆ. ಮಾರನೇ ದಿನ ಅವನು ಒಳಗೆ ಸಿಕ್ಕಾಗ ಜಾಕೆಟ್ ಪಕ್ಕದ ಪೆಟ್ಟಿಗೆಯ ಮೇಲಿತ್ತು. ಮೊಳೆಯಲ್ಲಿ ಬಿಲ್ಲೆ ಇರಲಿಲ್ಲ. ಬೇಕೆಂದೇ ಬಿಲ್ಲೆ ಹಾಕದೆ ಹೋಗಿ, ಬೇಕೆಂದೇ ಜಾಕೆಟ್ ಬಿಚ್ಚಿ ಕೂತ ಅಂತ ಎಲ್ಲರೂ ಅಂದರು. ನೀನಿದ್ದಷ್ಟು ದಿನ ನಿಮ್ಮತ್ತೆ ನಿನ್ನ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ. ನೀನು ಮಗುವನ್ನೆತ್ತಿಕೊಂಡು ಊರು ಬಿಟ್ಟೆ. ಈಗಲೂ ಚಳಿಗಾಲದಲ್ಲಿ ಸ್ವೆಟರ್ ಹಾಕುವುದಿಲ್ಲವಂತೆ, ಬರೀ ನೆಲದಲ್ಲಿ ಮಲಗುತ್ತೀಯಂತೆ. ಬುದ್ಧಿ ಇದೆಯಾ ನಿನಗೆ? ಹೊದ್ದುಕೊಂಡು ಮಲಗು. ಅವನು ನಿನ್ನ ಮಾತಿನಿಂದ ಸಾಯಲಿಲ್ಲ, ಚಳಿಯಿಂದ ಸತ್ತ. ನನಗೂ ಇದು ಈಗ ಈ ಪುಸ್ತಕದಿಂದ ಗೊತ್ತಾಯಿತು. ಓದಿದವರು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಅಷ್ಟೇ. ಆರೋಗ್ಯ ನೋಡಿಕೋ.

ಇಂತಿ,
ನಿನ್ನ ಮಾವ

ತಾ.ಕ.: ಮೇಲಿನದ್ದನ್ನು ನಿನ್ನ ಮಗಳು ಓದಿ, ತಪ್ಪು ತಿದ್ದಿ, ಸ್ಟ್ಯಾಂಪು ತರಲು ಹೋಗಿದ್ದಾಳೆ. ಅವಳು ಬರುವುದರೊಳಗೆ ಇದನ್ನು ಬರೆದು ಅಂಟಿಸಬೇಕು.

ಈಗ ಗೊತ್ತಾಯಿತು ಅಂದದ್ದು ಸುಳ್ಳು. ನಾನು ಕೆಲಸಕ್ಕೆ ಸೇರಿದ ವರ್ಷವೇ ಒಬ್ಬ ಮುದುಕ ಹೇಳಿದ್ದ, ಒಳಗೆ ಸೆಕೆ ಅನ್ನಿಸಿದರೆ ಓಡಿ ಬಾ, ಸಾವು ಬಂತು ಅಂತ ಅರ್ಥ ಎಂದು. ನಿನ್ನ ಗಂಡ ಸಿಕ್ಕ ದಿನ ಅಲ್ಲಿದ್ದ ಹಳಬ ನಾನೊಬ್ಬನೇ. ಬಾಯಿ ಬಿಡಲಿಲ್ಲ. ಅವನಾಗಿಯೇ ಸಾಯಲಿಲ್ಲ ಅಂತಾದರೆ, ಬಾಗಿಲು ಹೇಗೆ ಹಾಕಿದೆ ಅಂತ ನನ್ನನ್ನು ಕೇಳುತ್ತಿದ್ದರು.

ನಿನ್ನ ಗಂಡ ಹೊರಗೆ ಬಂದಾಗಲೆಲ್ಲ ಬಿಲ್ಲೆ ತೆಗೆಯಲು ಮರೆಯುತ್ತಿದ್ದ. ಮರೆತವನಿಗೆ ಮ್ಯಾನೇಜರ್ ಎಲ್ಲರೆದುರು ಬೈಯುತ್ತಿದ್ದ. ಮಗ ಬೈಸಿಕೊಳ್ಳುವುದನ್ನು ನೋಡಲಾರದೆ ನಾನೇ ತೆಗೆದು ಜೇಬಿಗೆ ಹಾಕಿಕೊಂಡು ಮನೆಯಲ್ಲಿ ಕೊಡುತ್ತಿದ್ದೆ. ಅವತ್ತು ಅವನ ಜೊತೆಗಾರ ರಜೆ. ಕೊನೆಯ ಲೋಡು ಮುಗಿದ ಮೇಲೆ ಮೊಳೆಯಲ್ಲಿ ಹದಿನೇಳನೇ ನಂಬರಿನ ಬಿಲ್ಲೆ ಒಂದೇ ನೇತಾಡುತ್ತಿತ್ತು, ಅವನದ್ದು. ಮರೆಗುಳಿ ಮತ್ತೆ ಮರೆತು ಹೋದ ಅಂದುಕೊಂಡೆ. ಒಂದು ಸಲ ಕೂಗಿ ನೋಡಲಿಲ್ಲ. ಬಿಲ್ಲೆ ತೆಗೆದು ಬಾಗಿಲು ಎಳೆದೆ. ಒಳಗಿನ ಹಿಡಿ ಕೆಟ್ಟು ತಿಂಗಳಾಗಿದ್ದೂ ನನಗೆ ಗೊತ್ತಿತ್ತು. ಮನೆಗೆ ಬಂದಾಗ ಅವರೆಲ್ಲಿ ಮಾವ ಎಂದು ನೀನು ಕೇಳಿದೆ. ನಿನ್ನ ಮೇಲೆ ಮುನಿಸು, ಗೆಳೆಯರ ಮನೆಗೆ ಹೋಗಿರುತ್ತಾನೆ ಎಂದೆ. ಉಂಡು ಮಲಗಿದೆ. ಬಿಲ್ಲೆ ನನ್ನ ಅಂಗಿಯ ಜೇಬಿನಲ್ಲಿತ್ತು.

ಬೆಳಿಗ್ಗೆ ಬಾಗಿಲು ತೆಗೆದವನೂ ನಾನೇ. ಜಾಕೆಟಿನ ಜೇಬಿನಲ್ಲಿ ಕೆಮ್ಮಿನ ಔಷಧಿಯ ಶೀಶೆ ಇತ್ತು. ಊಟದ ಬಿಡುವಿನಲ್ಲಿ ಹೋಗಿ ತಂದಿದ್ದ. ಸಾಯಲು ಹೊರಟವನು ಮಗುವಿಗೆ ಔಷಧಿ ತರುತ್ತಾನಾ? ಯಾರೂ ಬರುವ ಮೊದಲು ಅದನ್ನೂ ಎತ್ತಿಟ್ಟುಕೊಂಡೆ. ಎರಡೂ ನನ್ನ ಟ್ರಂಕಿನಲ್ಲಿವೆ. ಶೀಶೆಯ ಸೀಲು ಒಡೆದಿಲ್ಲ. ನಿಮ್ಮತ್ತೆ ಸಾಯುವಾಗಲಾದರೂ ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಇಪ್ಪತ್ತನೇ ತಾರೀಖು ಮಗುವನ್ನು ಕರೆದುಕೊಂಡು ಬರುತ್ತೇನೆ. ಶೀಶೆಯನ್ನೂ ಬಿಲ್ಲೆಯನ್ನೂ ತರುತ್ತೇನೆ. ನಿನ್ನ ಹೊಸಿಲು ತುಳಿಯಲೋ, ಬಸ್ ಸ್ಟ್ಯಾಂಡಿನಲ್ಲೇ ಅವಳನ್ನು ಒಪ್ಪಿಸಿ ಹಿಂದಿರುಗಲೋ, ಹದಿನೆಂಟರೊಳಗೆ ಬರೆದು ತಿಳಿಸು.